ಕೃಷಿಹೊಂಡದಲ್ಲಿ ಹೋಳಿಗೆ

ಸಾಲಹಳ್ಳಿಯ ದೇವಕ್ಕನ ಮನೆಯಲ್ಲಿ ಮೊಮ್ಮಗನ ತೊಟ್ಟಿಲ ಕಾರ್ಯದ ಹೋಳಿಗೆ ಉಳಿಯದೇ ಹೋಗಿದ್ದರೆ ಶ್ರೀಶೈಲನ ದಿನ ನೆಟ್ಟಗಿರುತ್ತಿತ್ತು. ಉಳಿದದ್ದನ್ನು ತಿಪ್ಪೆಗೆ ಚೆಲ್ಲಲು ಮನಸ್ಸು ಬಾರದೆ, ಆ ಪುಣ್ಯಾತಗಿತ್ತಿ ಬುಟ್ಟಿಗಟ್ಟಲೆ ಹೋಳಿಗೆ, ಅನ್ನ ಎಲ್ಲವನ್ನೂ ಪಕ್ಕದ ಹೊಲದ ಶ್ರೀಶೈಲ ಮೀನು ಸಾಕಿದ್ದ ಕೃಷಿಹೊಂಡಕ್ಕೆ ಸುರಿದು ಕೈಮುಗಿದು ಹೋಗಿದ್ದಳು. ಮೂಕಜೀವಗಳಿಗೆ ಉಣಿಸಿದ ತೃಪ್ತಿ ಅವಳಿಗೆ.

ಬೆಳಿಗ್ಗೆ ಶ್ರೀಶೈಲ ಬಂದು ನೋಡಿದರೆ ಕಟ್ಲಾ ಮೀನುಗಳೆಲ್ಲ ನೀರಿನ ಮೇಲೆ ತೇಲಿ ಬಾಯಿ ತೆರೆದು ಮುಚ್ಚುತ್ತಿದ್ದವು. ಮೀನು ಹೊಸ್ತಿಲು ದಾಟದ ಮನೆ ಅವನದು. “ನಾವೇನ್ ತಿನ್ನೂದಿಲ್ಲವ್ವಾ, ಬರೇ ಸಾಕಿ ಮಾರೂದು” ಎಂದು ಅವ್ವ ಸಿದ್ದಲಿಂಗವ್ವನನ್ನು ಒಪ್ಪಿಸುವಷ್ಟರಲ್ಲಿ ಅವನಿಗೆ ಸಾಕುಬೇಕಾಗಿತ್ತು. ಇಂದು ಮೊದಲ ಸಲ ಮೀನು ಹಿಡಿಯುವ ದಿನ. ಮಧ್ಯಾಹ್ನ ರಾಮದುರ್ಗದಿಂದ ವ್ಯಾಪಾರಿ ಯುವರಾಜ ಬರುವವನಿದ್ದ. ಸತ್ತು ತೇಲಿದ ಮೀನನ್ನು ಅವನು ಕಣ್ಣೆತ್ತಿಯೂ ನೋಡುವುದಿಲ್ಲ. ಅವು ಸತ್ತರೆ ವರ್ಷದ ದುಡಿಮೆಯೆಲ್ಲ ನೀರುಪಾಲು.

ಅಷ್ಟರಲ್ಲಿ ದೇವಕ್ಕ ಬಂದಳು. “ಅಯ್ಯ ಪಾಪ, ಎಷ್ಟ ಹಸದಾವೋ ತಮ್ಮಾ! ಹೆಂಗ ಬಾಯಿ ತಗದಾವ ನೋಡು. ಇನ್ನೊಂದ ಬುಟ್ಟಿ ತರ್ಲೇನು?”

“ಯಕ್ಕಾ, ಕೈ ಮುಗೀತೇನಿ, ಏನೂ ತರಬ್ಯಾಡ ಬೇ! ನೀ ಹಾಕಿದ್ದ ತಳದಾಗ ಕೊಳತು ನೀರಾಗಿನ ಹವಾ ಎಲ್ಲಾ ನುಂಗೇತಿ. ಅವಕ್ಕ ಉಸರ ಸಿಗವಲ್ದು!”

“ನೀರಾಗ ಇರೂವಕ್ಕ ಎಂಥಾ ಉಸರೋ?” ದೇವಕ್ಕ ಮೂಗಿನ ಮೇಲೆ ಬೆರಳಿಟ್ಟಳು.

ದಾರಿಯಲ್ಲಿ ಹೊರಟಿದ್ದ ಮಠದ ಬಸಯ್ಯನವರೂ ಇಳಿದು ಬಂದರು. “ಇದು ದಿಷ್ಟಿ ಆಗೇತಿ” ಎಂದವರೇ ಜೋಳಿಗೆಯಿಂದ ವಿಭೂತಿ ತೆಗೆದು ನೀರಿಗೆ ತೂರಿದರು. ಮೀನುಗಳು ಅದಕ್ಕೂ ಬಾಯಿ ತೆರೆದವು.

ನೀರನ್ನು ಎತ್ತಿ ಮೇಲಿಂದ ಬೀಳಿಸಿದರೆ ಗಾಳಿ ಬೆರೆಯುತ್ತದೆಂದು ಮೀನುಗಾರಿಕೆ ಇಲಾಖೆಯವರು ಹೇಳಿಕೊಟ್ಟಿದ್ದರು. ಆದರೆ ಪಂಪಿಗೆ ಕರೆಂಟು ಬಂದಿರಲಿಲ್ಲ. “ಕೊಡಾ ತರ್ರಿ, ಬಕೀಟ ತರ್ರಿ! ನೀರ ಎತ್ತಿ ಎತ್ತಿ ಸುರೀರಿ!” ಎಂದು ಶ್ರೀಶೈಲ ಬೊಬ್ಬೆ ಹೊಡೆದ. ಓಣಿಗೆ ಓಣಿಯೇ ಓಡಿಬಂತು. ಹೊಂಡಕ್ಕಿಂತ ಹೆಚ್ಚು ನೀರು ಒಬ್ಬರಿಂದೊಬ್ಬರ ಮೈಮೇಲೆ ಬಿದ್ದು ಓಕುಳಿಯಾಟವೇ ಆಯಿತು. ಅಂಚಿನ ಪ್ಲಾಸ್ಟಿಕ್ ಹಾಳೆಯ ಮೇಲೆ ಕಾಲು ಜಾರಿ ಶ್ರೀಶೈಲ ಮೀನುಗಳ ನಡುವೆಯೇ ದೊಪ್ಪೆಂದು ಬಿದ್ದ. ಬಸಯ್ಯನವರು ಹೆಗಲ ಶಾಲು ಇಳಿಬಿಟ್ಟರು. ಅದನ್ನು ಹಿಡಿದು ಮೇಲೆ ಬರುವಾಗ ಅವನ ಬಾಯಿಯೂ ಮೀನಿನಂತೆಯೇ ತೆರೆದಿತ್ತು. ಪಾಪ, ನಗುತ್ತಲೇ ಆದರೂ ಊರವರು ಕೊಡ ಮಾತ್ರ ಕೆಳಗಿಡಲಿಲ್ಲ.

ದಂಡೆಯ ಮೇಲೆ ಕಣ್ಣೀರು ಒರೆಸಿಕೊಳ್ಳುತ್ತಿದ್ದ ಸಿದ್ದಲಿಂಗವ್ವ ಕೇಳಿದಳು: “ಮಲ್ಲಯ್ಯಗ ಬೇಡಿಕೊಳ್ಳಲೇನೋ?”

“ಏನ್ ಬೇಕಾದ್ದ ಬೇಡಿಕೋ ಯವ್ವಾ, ಒಟ್ಟ ಅವು ಬದುಕಲಿ!”

ಮುದುಕಿ ಕಣ್ಣು ಮುಚ್ಚಿ ಕೈಜೋಡಿಸಿದಳು. ಸ್ವಲ್ಪ ಹೊತ್ತಿಗೆ ಕರೆಂಟು ಬಂತು. ಪಂಪು ಗೊರ್ರೆಂದು ನೀರೆಳೆದು ಎತ್ತರದಿಂದ ಹೊಂಡಕ್ಕೇ ಕಾರಿತು. ಬಿಸಿಲೇರುವ ಹೊತ್ತಿಗೆ ಮೀನುಗಳು ಒಂದೊಂದಾಗಿ ತಳಕ್ಕಿಳಿದವು. ಶ್ರೀಶೈಲ ಖುಷಿಗೆ ದೇವಕ್ಕನ ಕಾಲಿಗೂ ಬಿದ್ದ.

ಮಧ್ಯಾಹ್ನ ಯುವರಾಜ ಗಾಡಿ ನಿಲ್ಲಿಸಿ ಬಲೆ ಬಿಚ್ಚುವಷ್ಟರಲ್ಲಿ ಸಿದ್ದಲಿಂಗವ್ವ ಅಡ್ಡ ಬಂದು ನಿಂತಳು.

“ಬಲಿ ಮಡಚಿ ಇಡೋ ತಮ್ಮಾ. ಇವು ಬದುಕಿದ್ರ ಯಾರೂ ಮುಟ್ಟದಂಗ ಮಲ್ಲಯ್ಯನ ಹೆಸರಿಗೆ ಬಿಡತೇನಂತ ಬೇಡಿಕೊಂಡೇನಿ.”

“ಯವ್ವಾ!” ಎಂದ ಶ್ರೀಶೈಲ.

“ಏನ್ ಬೇಕಾದ್ದ ಬೇಡಿಕೋ ಅಂದಾಂವ ನೀನ ಅಲ್ಲೇನು?”

“ಹೌದು, ನಾ ಕೇಳೇನಿ” ಎಂದರು ಬಸಯ್ಯನವರು. ದೇವಕ್ಕ ಭಕ್ತಿಯಿಂದ ಹೊಂಡಕ್ಕೆ ಕೈಮುಗಿದಳು. ಊರೇ ಕೈಮುಗಿಯಿತು.

ಖಾಲಿ ಬುಟ್ಟಿಗಳನ್ನು ಗಾಡಿಗೆ ಏರಿಸುತ್ತಿದ್ದ ಯುವರಾಜನ ಬಳಿ ಶ್ರೀಶೈಲ ಮೆಲ್ಲಗೆ ಹೋಗಿ ಕೇಳಿದ: “ಈ ಕಟ್ಲಾ ಎಷ್ಟ ವರ್ಷ ಬದಕ್ತಾವ್ರಿ?”

“ಯಾರಿಗ್ಗೊತ್ರಿ ಸಾವ್ಕಾರ್ರ?” ಎಂದ ಯುವರಾಜ. “ಇಲ್ಲೀತನಕಾ ಯಾರೂ ಬಿಟ್ಟ ನೋಡಿಲ್ಲ.”