ಎರಡೇ ಸೀಟಿನ ಇಂಗ್ಲೆಂಡ್

ರಾಯಪ್ಪನ ಪ್ರಿಂಟರಿನಲ್ಲಿ ಶಾಯಿ ಮುಗಿದಿತ್ತು. ಆಮೇಲಿನ ಅನಾಹುತಕ್ಕೆಲ್ಲ ಕಾರಣ ಅಷ್ಟೇ. ಅವತ್ತು ಶುಕ್ರವಾರ, ರಜೆ. ಕುವೈತಿನ ಫಹಾಹೀಲ್‌ನ ಅಂಗಡಿಗಳು ಇನ್ನೂ ಬಾಗಿಲು ತೆರೆದಿರಲಿಲ್ಲ. ಹೆಂಡತಿ ಮಂಗಳಾ ಬೆಳಗಿನ ಪಾಳಿಗೆಂದು ಕಾರು ತೆಗೆದುಕೊಂಡು ಕ್ಲಿನಿಕ್ಕಿನ ಲ್ಯಾಬಿಗೆ ಹೋಗಿಯಾಗಿತ್ತು. ಪ್ರಿಂಟ್ ಆಗಬೇಕಾಗಿದ್ದುದು ಒಂದೇ ಒಂದು ಹಾಳೆ. ರಾಯಪ್ಪ ಪೆನ್‌ಡ್ರೈವ್ ಹಿಡಿದು ಎದುರುಮನೆಯ ಬೆಲ್ ಒತ್ತಿದ.

ಆ ಒಂದು ಹಾಳೆಯ ಹಿಂದೆ ಇಪ್ಪತ್ತೆರಡು ವರ್ಷಗಳ ಸಿಟ್ಟಿತ್ತು. ಶುಐಬಾದ ಕಾರ್ಖಾನೆಯಲ್ಲಿ ಟೆಕ್ನಿಶಿಯನ್ ಆಗಿ ಸೇರಿದಂದಿನಿಂದ ಅವನ ಒಂದೊಂದು ವರ್ಷದ ರಜೆಯನ್ನೂ ಯಾರಾದರೊಬ್ಬರು ತಿಂದುಹಾಕಿದ್ದರು. ತಮ್ಮನ ಮದುವೆ, ತಂಗಿಯ ಸೀಮಂತ, ಮಾವನ ಕಣ್ಣಿನ ಆಪರೇಷನ್, ಒಂದು ಸಲವಂತೂ ಅಣ್ಣನ ಬೋರ್‌ವೆಲ್ ಪೂಜೆ. ಕಾರ್ಖಾನೆಯ ಕಂಟ್ರೋಲ್ ರೂಮಿನಲ್ಲಿ, ಕೆಲಸ ಬಿಟ್ಟುಹೋದ ಇಂಗ್ಲಿಷ್ ಎಂಜಿನಿಯರನೊಬ್ಬನ ಹಳೆಯ ಕ್ಯಾಲೆಂಡರ್ ತೂಗುತ್ತಿತ್ತು. ಕಲ್ಲುಗೋಡೆಗಳ ನಡುವೆ ಒಂದು ಕಿರುದಾರಿ, ದಾರಿಯಾಚೆ ಕುರಿ, ಕುರಿಯಾಚೆ ಸಮುದ್ರ. ಹೊರಗೆ ಬಿಸಿಲು ಐವತ್ತು ಡಿಗ್ರಿ ಮುಟ್ಟುವಾಗ ರಾಯಪ್ಪ ಒಳಗೆ ಕೂತು ಆ ದಾರಿಯಲ್ಲಿ ಹನ್ನೊಂದು ವರ್ಷ ಕಾರು ಓಡಿಸಿದ್ದ. ಈ ಸಲ ನಿಜವಾಗಿಯೂ ಓಡಿಸಬೇಕು. ಐದೇ ದಿನ. ತಾನು, ಮಂಗಳಾ, ಖಲಾಸ್. ಇಬ್ಬರ ಇಂಗ್ಲೆಂಡ್ ವೀಸಾವೂ ಕೈಸೇರಿತ್ತು; ಆ ಐದು ದಿನದ ದಾರಿಪಟ್ಟಿಯೇ ಆ ಹಾಳೆ. ಎಲ್ಲಿಗೆ, ಯಾವ ದಾರಿಯಲ್ಲಿ ಎಂದು ಅವನು ಮಂಗಳಾಳನ್ನೂ ಕೇಳಿರಲಿಲ್ಲ. ಗಂಡಸು ಒಮ್ಮೆಯಾದರೂ ತನ್ನ ಇಷ್ಟದಂತೆ ಹೋಗಬೇಕು ಎಂದುಕೊಂಡಿದ್ದ.

ಎದುರುಮನೆಯ ಜೆರೋಮ್ ಕುವೈತ್ ಸಿಟಿಯ ಆಫೀಸೊಂದರಲ್ಲಿ ಗುಮಾಸ್ತ. ಹಿಂದೊಮ್ಮೆ ಸ್ವಿಂಡನ್‌ನಲ್ಲಿರುವ ಭಾವನ ಮನೆಯಲ್ಲಿ ಒಂಬತ್ತು ದಿನ ಇದ್ದು ಬಂದಿದ್ದ. ಅದರಲ್ಲಿ ಆರು ದಿನ ಜ್ವರ ಬಂದು ಮಲಗಿದ್ದ. ಉಳಿದ ಮೂರು ದಿನಗಳ ಬಲದ ಮೇಲೆ, ಇಂಗ್ಲೆಂಡನ್ನು ತನ್ನ ಅಜ್ಜ ಉಯಿಲಿನಲ್ಲಿ ಬರೆದಿಟ್ಟು ಹೋದಂತೆ ಮಾತಾಡುತ್ತಿದ್ದ.

ಪ್ರಿಂಟರು ಗೊರಗೊರ ಎಂದು ಹಾಳೆಯನ್ನು ಹೊರಗೆ ಹಾಕಿತು. ರಾಯಪ್ಪ ಕೈ ಚಾಚುವಷ್ಟರಲ್ಲಿ ಜೆರೋಮ್ ಅದನ್ನೆತ್ತಿಕೊಂಡು ಕನ್ನಡಕ ಏರಿಸಿದ.

"ಎಂತ ಮಾರಾಯ್ರೆ ಇದು? ಒಂದನೇ ದಿನ ಕಾಟ್ಸ್‌ವೋಲ್ಡ್ಸ್ ಹಳ್ಳಿ, ಎರಡನೇ ದಿನ ಲೈಮ್ ರೀಜಿಸ್ ಬೀಚು, ಮೂರನೇ ದಿನ ಡಾರ್ಟ್‌ಮೂರ್! ಅಲ್ಲಿ ಎಂತ ಉಂಟು? ಗಾಳಿ ಮತ್ತು ಕುದುರೆ!"

"ನನಗ ಗಾಳೀನ ಬೇಕಾಗೇತ್ರಿ," ಎಂದ ರಾಯಪ್ಪ. "ಹಾಳಿ ಕೊಡ್ರಿ ಇಲ್ಲೆ."

"ಕೊಡುವ, ಕೊಡುವ. ಚಾ ಕುಡೀರಿ ಮೊದಲು." ಜೆರೋಮ್ ಆಗಲೇ ಕೆಂಪು ಪೆನ್ನು ಹುಡುಕಿ ತೆಗೆದಿದ್ದ. ಡಾರ್ಟ್‌ಮೂರಿನ ಮೇಲೆ ಅಡ್ಡಗೆರೆ ಬಿತ್ತು. ಆ ಜಾಗದಲ್ಲಿ 'ಸ್ವಿಂಡನ್, ಭಾವನ ಮನೆ, ಊಟ' ಎಂದಾಯಿತು. "ಅಲ್ಲಿಯವರೆಗೆ ಹೋಗಿ ನಮ್ಮ ಭಾವನನ್ನು ನೋಡದೆ ಬಂದ್ರೆ ಅವರಿಗೆ ಬೇಜಾರಾಗ್ತದೆ."

"ನಿಮ್ಮ ಭಾವ ನನ್ನ ಹೆಸರಾದ್ರೂ ಕೇಳ್ಯಾರೇನ್ರಿ?"

"ಈಗ ಹೇಳಿದ್ರಾಯ್ತಲ್ಲ," ಎಂದು ಜೆರೋಮ್ ಫೋನು ಹಚ್ಚಿಯೇಬಿಟ್ಟ. ಇಂಗ್ಲೆಂಡಿನಲ್ಲಿ ಇನ್ನೂ ನಸುಕಿನ ಹೊತ್ತು. ಭಾವ ನಿದ್ದೆಗಣ್ಣಿನಲ್ಲೇ ರಾಯಪ್ಪನಿಗೆ ಸ್ವಾಗತ ಕೋರಿದರು.

ಅಡುಗೆಮನೆಯಿಂದ ಜೆರೋಮನ ಹೆಂಡತಿ ಒಲಿಂಡಾ ಸೌಟು ಹಿಡಿದೇ ಹೊರಬಂದಳು. "ಸ್ವಿಂಡನ್ನಿನ ನಮ್ಮ ನಾದಿನಿಗೆ ಒಣಗಿದ ಸಿಗಡಿ ಅಂದ್ರೆ ಪ್ರಾಣ. ಎರಡು ಕೆಜಿ ಕೊಡ್ತೇನೆ, ಪ್ಯಾಕಿಂಗ್ ಒಳ್ಳೇದುಂಟು, ಸ್ವಲ್ಪವೂ ವಾಸನೆ ಬರುದಿಲ್ಲ."

ಹುಟ್ಟಿನಿಂದ ಸಸ್ಯಾಹಾರಿಯಾದ ರಾಯಪ್ಪ ಚಹಾದ ಲೋಟ ಕೆಳಗಿಟ್ಟ. ಕಿಟಕಿ ಮುಚ್ಚಿದ ಕಾರು, ಕ್ಯಾಲೆಂಡರಿನ ಕಿರುದಾರಿ, ಹಿಂದಿನ ಸೀಟಿನಲ್ಲಿ ರಾಜರಂತೆ ಒರಗಿ ಕೂತ ಎರಡು ಕೆಜಿ ಸಿಗಡಿ!

ಅವನ ಮುಖ ಕಂಡ ಜೆರೋಮನಿಗೆ ಬೇರೆಯೇ ಹೊಳೆಯಿತು. "ಹೌದಲ್ಲ, ಹಿಂದಿನ ಸೀಟು ಖಾಲಿಯೇ ಉಂಟು! ಒಲಿಂಡಾ, ನಾವೂ ಹೋಗುವ. ನಮ್ಮ ವೀಸಾ ಇನ್ನೂ ಮುಗೀಲಿಲ್ಲ."

ಡ್ರೈವಿಂಗಿಗೆ ಯಾರು ಎಂಬ ಪ್ರಶ್ನೆಯನ್ನೂ ಅವನೇ ಎತ್ತಿದ, ಉತ್ತರವೂ ಅವನದೇ. ಕೆಳಮನೆಯ ಹಾರಿಸ್‌ಗೆ ಕರೆ ಹೋಯಿತು. ಉಳ್ಳಾಲದ ಹಾರಿಸ್ ರಾಯಪ್ಪನ ಕಂಪನಿಯ ಬಸ್ಸನ್ನು ಹದಿನೆಂಟು ವರ್ಷ ಓಡಿಸಿದವನು. ಲುಂಗಿಯಲ್ಲೇ ಮೇಲೆ ಬಂದ, ವಿಷಯ ಕೇಳಿದ, ಎರಡೂ ಕೈ ಎತ್ತಿದ. "ಯಲ್ಲಾ, ಹೊರಡುವ! ರಾಯಪ್ಪ ಭಾಯ್, ನೀವು ಆರಾಮ ಕೂತ್ಕೊಳ್ಳಿ. ಸ್ಟೇರಿಂಗ್ ನನಗೆ ಬಿಡಿ. ನನ್ನ ಹೆಂಡತಿ ಸುಬೈದಾನೂ ಎಲ್ಲಿಗೂ ಹೋಗ್ಲಿಲ್ಲ ಪಾಪ, ಅವಳನ್ನೂ ಕರ್ಕೊಂಡು ಬರ್ತೇನೆ."

ಹನ್ನೊಂದು ಗಂಟೆಯ ಹೊತ್ತಿಗೆ ಸಣ್ಣ ಕಾರು ಒಂಬತ್ತು ಸೀಟಿನ ವ್ಯಾನಾಗಿತ್ತು. ಖಾಲಿ ಉಳಿದ ಮೂರು ಸೀಟಿಗೆ ಒಲಿಂಡಾ ಮನಸ್ಸಿನಲ್ಲೇ ಜನ ಹುಡುಕುತ್ತಿದ್ದಳು. ಹಾಳೆಯ ತುಂಬ ಕೆಂಪು ಗೀಟು; ಐದು ದಿನದಲ್ಲಿ ಸಮುದ್ರಕ್ಕೆ ಉಳಿದದ್ದು ಒಂದು ಗಂಟೆ, ಅದೂ ಮಳೆ ಬರದಿದ್ದರೆ. ಅರ್ಧ ದಾರಿ ತಾನು ಓಡಿಸುತ್ತೇನೆಂದು ಜೆರೋಮ್, ಬಸ್ಸು ಓಡಿಸಿದವನಿಗೆ ವ್ಯಾನು ಬಿಡಬೇಕೆಂದು ಹಾರಿಸ್. ಇಬ್ಬರ ನಡುವೆ ಸೋಫಾದಲ್ಲಿ ರಾಯಪ್ಪ, ಬೇರೆಯವರ ನಿಶ್ಚಿತಾರ್ಥಕ್ಕೆ ಬಂದು ಸಿಕ್ಕಿಬಿದ್ದವನಂತೆ ಕೂತಿದ್ದ.

ಒಮ್ಮೆಲೇ ಎದ್ದು ನಿಂತ.

"ಖಲಾಸ್! ಯಾರೂ ಬರಾಂಗಿಲ್ಲ. ಭಾವ ಬ್ಯಾಡ, ಸಿಗಡಿ ಬ್ಯಾಡ, ವ್ಯಾನ್ ಬ್ಯಾಡ. ಎರಡ ಸೀಟಿನ ಕಾರ್ ತಗೋತೀನಿ ನಾ. ಹಿಂದಿನ ಸೀಟ್ ಅನ್ನೂದ ಇರೂದಿಲ್ಲ ಅದಕ್ಕ. ಸ್ಟೇರಿಂಗ್ ದೇವರು ಬಂದು ಕೇಳಿದ್ರೂ ಕೊಡೂದಿಲ್ಲ!"

ಹಾಳೆಯನ್ನು ಅಲ್ಲೇ ಬಿಟ್ಟು ಬಾಗಿಲು ದಡಾರನೆ ಎಳೆದುಕೊಂಡು ಹೊರನಡೆದ. ಮನೆಗೆ ಹೋದರೆ ಬೆಲ್ ಒತ್ತುತ್ತಾರೆ. ಲಿಫ್ಟಿಗೆ ಕಾದರೆ ಹಿಡಿಯುತ್ತಾರೆ. ಮೆಟ್ಟಿಲಿಳಿದು ನೇರ ಕಡಲ ದಂಡೆಗೆ ಹೋಗಿ, ಜ್ಯೂಸ್ ಅಂಗಡಿಯ ನೆರಳಿನಲ್ಲಿ ಕೂತು ಫೋನು ತೆಗೆದ.

ಬಾಡಿಗೆ ಕಾರಿನ ಪಟ್ಟಿಯಲ್ಲಿ ನಿಜವಾಗಿಯೂ ಎರಡೇ ಸೀಟಿನ ಒಂದು ಕಾರಿತ್ತು. ಕೆಂಪು ಬಣ್ಣ, ಮೇಲ್ಛಾವಣಿ ತೆರೆಯುವಂಥದ್ದು. ರಾಯಪ್ಪನ ಎದೆ ಹಿಗ್ಗಿತು. ಆಮೇಲೆ ಯಾರಾದರೂ ಕಾಡಿ ಬೇಡಿ ತನ್ನ ಮನಸ್ಸು ತಿರುಗಿಸಬಾರದೆಂದು, 'ರದ್ದು ಮಾಡಲು, ಬದಲಾಯಿಸಲು ಬರುವುದಿಲ್ಲ' ಎಂಬುದನ್ನೇ ಬೇಕೆಂದು ಆರಿಸಿದ.

ಕಾರ್ಡಿನ ನಂಬರು ಹಾಕಿದ. ಓಟಿಪಿ ಬರುವಷ್ಟರಲ್ಲಿ ಜೆರೋಮನ ಕರೆ ಬಂತು. ಕತ್ತರಿಸಿದ; ಸಮಯ ಮೀರಿತ್ತು. ಎರಡನೇ ಸಲ ಹಾರಿಸ್. ಮೂರನೇ ಸಲ, ಇಂಗ್ಲೆಂಡಿನ ನಂಬರಿನಿಂದ, ಈಗ ಪೂರ್ತಿ ಎಚ್ಚರಾಗಿದ್ದ ಭಾವ. ಅಲ್ಲಿಗೆ ಬ್ಯಾಂಕು ರಾಯಪ್ಪನ ಕಾರ್ಡನ್ನೇ ತಡೆಹಿಡಿಯಿತು.

ತಲೆಯೆತ್ತಿ ನೋಡಿದರೆ ದೂರದಲ್ಲಿ ಜೆರೋಮ್ ಮತ್ತು ಹಾರಿಸ್, ಕಳೆದುಹೋದ ಆಡು ಹುಡುಕುವವರಂತೆ ಹಣೆಗೆ ಕೈ ಅಡ್ಡ ಹಿಡಿದು ಬರುತ್ತಿದ್ದರು. ರಾಯಪ್ಪ ಅಂಗಡಿಯ ಹಿಂದೆ ಸರಿದು, ಕಿತ್ತಳೆಯ ಪೆಟ್ಟಿಗೆಗಳ ನಡುವೆ ಕುಕ್ಕರುಗಾಲಲ್ಲಿ ಕೂತು ಮಂಗಳಾಳಿಗೆ ಫೋನು ಮಾಡಿದ.

"ನಿನ್ನ ಕಾರ್ಡ್ ನನ್ನ ಫೋನಿನ್ಯಾಗ ಐತಿ. ಓಟಿಪಿ ಬರ್ತೈತಿ, ಲಗೂನ ಹೇಳು."

"ಯಾತಕ್ರೀ?"

"ಪ್ರಶ್ನೆ ಕೇಳಬ್ಯಾಡ. ನಮ್ಮ ಮರ್ಯಾದಿ ವಿಷಯ ಐತಿ!"

ಮಂಗಳಾ ಲೈನಿನಲ್ಲೇ ಉಳಿದಳು. ಕಾರ್ಡು ಆರಿಸಿದ ಕೂಡಲೇ ಹೆಸರು, ವಿಳಾಸ, ಇಮೇಲ್ ಎಲ್ಲವನ್ನೂ ಫೋನು ತಾನೇ ತುಂಬಿತು. ಜೆರೋಮನ ಚಪ್ಪಲಿಯ ಸದ್ದು ಹತ್ತಿರವಾಗುತ್ತಿತ್ತು. ರಾಯಪ್ಪ ಕಂಡ ಕಂಡ ಚೌಕಕ್ಕೆಲ್ಲ ಟಿಕ್ ಹಾಕಿದ. ಮಂಗಳಾ ಆರು ಅಂಕಿ ಹೇಳಿದಳು, ಪರದೆಯ ಮೇಲೆ ಹಸಿರು ಗುರುತು ಬಂತು.

ಪೆಟ್ಟಿಗೆಗಳ ನಡುವಿನಿಂದ ಅವನು ಎದ್ದು ನಿಂತ ರೀತಿಗೆ ಹಾರಿಸ್ ಎರಡು ಹೆಜ್ಜೆ ಹಿಂದೆ ಸರಿದ.

"ಬುಕ್ ಆತು!" ಎಂದು ರಾಯಪ್ಪ ಫೋನನ್ನು ಇಬ್ಬರ ಮೂಗಿಗೂ ಹಿಡಿದ. "ಎರಡ ಸೀಟು. ರದ್ದಾಗೂದಿಲ್ಲ, ಬದಲಾಗೂದಿಲ್ಲ. ಇನ್ನ ಏನ್ ಮಾಡ್ತೀರಿ ಮಾಡ್ರಿ!"

ಇಬ್ಬರೂ ಏನೂ ಮಾಡಲಿಲ್ಲ. ರಾಯಪ್ಪ ದೊಡ್ಡ ಲೋಟದ ಕಿತ್ತಳೆ ರಸ ಕುಡಿದು, ಅವರೆದುರಿಗೇ ಶಿಳ್ಳೆ ಹಾಕುತ್ತ ಮನೆಗೆ ನಡೆದ. ಇಪ್ಪತ್ತೆರಡು ವರ್ಷದಲ್ಲಿ ಅವನು ಶಿಳ್ಳೆ ಹಾಕಿದ್ದು ಅದೇ ಮೊದಲು.

ಸಂಜೆ ನಾಲ್ಕೂವರೆಗೆ ಮಂಗಳಾ ಕೆಲಸದಿಂದ ಬಂದಳು. ಅವಳ ಹಿಂದೆಯೇ ಜೆರೋಮ್, ಒಲಿಂಡಾ, ಹಾರಿಸ್ ಮೂವರೂ ಮೋರೆ ಸಪ್ಪಗೆ ಮಾಡಿಕೊಂಡು ಬಂದರು. ಒಲಿಂಡಾಳ ಕೈಯಲ್ಲಿ ರಾಜಿಗೆಂದು ತಂದ ಕೇಕ್ ಇತ್ತು. ರಾಯಪ್ಪ ಗೆದ್ದವನ ಔದಾರ್ಯದಿಂದ ಎಲ್ಲರಿಗೂ ಕುರ್ಚಿ ತೋರಿಸಿದ.

"ಇದೇನ್ರೀ ನನಗ ಮೇಲ್ ಬಂದೈತಿ?" ಎಂದು ಮಂಗಳಾ ನಿಂತಲ್ಲೇ ಫೋನು ನೋಡಿದಳು. "ಎರಡ ಸೀಟಿನ ಕಾರು, ಐದು ದಿನ. ಡ್ರೈವರ್ ಹೆಸರು..." ಅವಳ ಹುಬ್ಬು ಮೇಲೇರಿತು. "ಡ್ರೈವರ್ ನಾನ ಅಂತಲ್ರೀ?"

"ಅದ್ಹೆಂಗ! ಎರಡನೇ ಡ್ರೈವರ್ ಅಂತ ನನ್ನ ಹೆಸರು ಸೇರಸಿದ್ರಾತು."

ಜೆರೋಮ್ ಕನ್ನಡಕ ಏರಿಸಿ ಫೋನಿಗೆ ಬಗ್ಗಿದ. ಕೆಂಪು ಪೆನ್ನಿಲ್ಲದಿದ್ದರೂ ಕಿರುಬೆರಳಿನಿಂದ ಸಾಲು ಗುರುತಿಸಿದ. "ಇಲ್ಲ ಮಾರಾಯ್ರೆ. ಇಲ್ಲಿ ಬರ್ದಿದ್ದಾರೆ. ಕಾರ್ಡ್ ಯಾರದ್ದೋ ಅವರೇ ಓಡಿಸ್ಬೇಕು. ಈ ನಮೂನೆ ಕಾರಿಗೆ ಎರಡನೇ ಡ್ರೈವರ್ ಕೊಡುದಿಲ್ಲ. ಬದಲಾಯಿಸ್ಲಿಕ್ಕೂ ಇಲ್ಲ. ನೀವೇ ಟಿಕ್ ಹಾಕಿದ್ದೀರಿ."

ರಾಯಪ್ಪ ಫೋನು ಕಸಿದುಕೊಂಡು ಮೂರು ಸಲ ಓದಿದ. ಅಕ್ಷರಗಳು ಕದಲಲಿಲ್ಲ.

"ಚಿಂತಿ ಯಾಕ್ರೀ?" ಎಂದಳು ಮಂಗಳಾ. "ದಿನಾ ಈ ಟ್ರಾಫಿಕ್ಕಿನ್ಯಾಗ ಎಡಗಡೆ ಸ್ಟೇರಿಂಗ್ ಹಿಡದು ಓಡಸ್ತೀನಿ, ಅಲ್ಲಿ ಕುರಿ ನಡುವ ಬಲಗಡೆ ಹಿಡದು ಓಡಸಾಕಾಗೂದಿಲ್ಲ? ನೀವು ಜೋಡಿ ಇದ್ದಾಗ ಅಷ್ಟ ಕೀಲಿ ಕೊಡೂದಿಲ್ಲ ನನಗ." ಅವಳು ಟೇಬಲ್ಲಿನ ಖಾನೆಯಿಂದ ಒಂದು ಬಿಳಿ ಹಾಳೆ ತೆಗೆದು ಕೂತಳು. "ಹಾಂಗಾರ ದಾರಿ ನಾ ಬರೀತೀನಿ. ಒಂದನೇ ದಿನ ಕಾರ್ನ್‌ವಾಲ್. ಡಾರ್ಟ್‌ಮೂರ್ ಬ್ಯಾಡ, ಗಾಳಿಗೆ ನನಗ ತಲಿ ನೋಯ್ತದ. ಒಲಿಂಡಾ ಬಾಯಿ, ನಿಮ್ಮ ನಾದಿನಿ ಊಟ ಚಲೋ ಮಾಡ್ತಾರೇನ್ರಿ?"

"ಅಯ್ಯೋ, ಅವಳ ಕೈರುಚಿ ಕೇಳ್ಬೇಡಿ!" ಎಂದಳು ಒಲಿಂಡಾ ಕೇಕಿಗೆ ಚೂರಿ ಹಾಕುತ್ತ. ಹಾರಿಸ್ ಚಪ್ಪಾಳೆ ತಟ್ಟಿದ.

"ನಾ ಬರಾಂಗಿಲ್ಲ," ಎಂದು ಗುಡುಗಿದ ರಾಯಪ್ಪ. "ನಾ ಪ್ಯಾಸೆಂಜರ್ ಆಗಿ ಇಂಗ್ಲೆಂಡಿಗೆ ಬರಾಂವಲ್ಲ!"

"ಬರ್ರಿ ಸುಮ್ನ," ಎಂದಳು ಮಂಗಳಾ, ಹಾಳೆಯಿಂದ ತಲೆ ಎತ್ತದೆಯೇ. "ನಿಮಗೇನೂ ಹೊಸಾದು ಅನಿಸೂದಿಲ್ಲ. ಇಲ್ಲೂ ಎಡಗಡೆ ಸೀಟಿನ್ಯಾಗ ಕೂಡ್ತೀರಿ, ಅಲ್ಲೂ ಎಡಗಡೆ ಸೀಟಿನ್ಯಾಗ ಕೂಡ್ರಿ. ಸ್ಟೇರಿಂಗ್ ಅಷ್ಟ ನನ್ನ ಕಡೆ ಇರ್ತೈತಿ."