ಹೆಂಡತಿಯ ಪರೀಕ್ಷೆ, ನನ್ನ ಹುಬ್ಬು

ಸುಮ್ಮನೆ ಒಂದು ಖುರ್ಚಿಯ ಮೇಲೆ ಕೂರುವುದರಲ್ಲಿ ತಪ್ಪು ಮಾಡಲು ಯಾರಿಗೂ ಸಾಧ್ಯವಿಲ್ಲ ಎಂದು ಆ ದಿನ ಬೆಳಿಗ್ಗೆಯವರೆಗೂ ನಾನು ನಂಬಿದ್ದೆ.

ನನ್ನ ಹೆಂಡತಿ ಗಿರಿಜಾ ಹಾನಗಲ್ಲಿನಲ್ಲಿ ಹಳ್ಳಿಯ ಹೆಣ್ಣುಮಕ್ಕಳಿಗೆ ಕೊಡುವ ಬ್ಯೂಟಿ ಪಾರ್ಲರ್ ತರಬೇತಿಗೆ ಸೇರಿದ್ದಳು. ದಿನವೂ ತಿಳವಳ್ಳಿಯಿಂದ ಬಸ್ಸಿನಲ್ಲಿ ಹೋಗಿ, ಸಂಜೆ ರೊಟ್ಟಿ ಬಡಿಯುತ್ತ ನಮಗೆಲ್ಲ ಪಾಠ ಒಪ್ಪಿಸುತ್ತಿದ್ದಳು. ಪಾಸಾದರೆ ಮನೆಯ ಮುಂದಿನ ಕೋಣೆಯಲ್ಲೇ ಪಾರ್ಲರ್. ಅಲ್ಲಿದ್ದ ಗೋವಿನಜೋಳದ ಚೀಲಗಳನ್ನು ನಾನೇ ಹೊತ್ತು ಹೊರಗಿಟ್ಟಿದ್ದೆ. ಫೇಲಾದರೆ ಚೀಲಗಳು ಮತ್ತೆ ಒಳಗೆ ಎಂದು ಅವ್ವ ತೀರ್ಪು ಕೊಟ್ಟಾಗಿತ್ತು.

ಪರೀಕ್ಷೆಗೆ ಹುಬ್ಬು ತಿದ್ದಿಸಿಕೊಳ್ಳಲು ಒಬ್ಬರನ್ನು ಜೊತೆಗೆ ಕರೆದೊಯ್ಯಬೇಕಿತ್ತು. ಪಕ್ಕದ ಮನೆಯ ಶಾಂತಕ್ಕ ಒಪ್ಪಿದ್ದರು. ಅಂದು ಬೆಳಿಗ್ಗೆ ಬಂದವರು ಹೊಸ್ತಿಲ ಹೊರಗೇ ನಿಂತರು.

"ಇವತ್ತ ಅಮಾಸಿ ಐತ್ಯವಾ ಗಿರಿಜಾ. ಅಮಾಸಿ ದಿನ ಕೂದ್ಲಾ ತಗಸಬಾರ್ದು. ನಾಳೆ ಬೇಕಾದ್ರ ತಲೀನ ಕೊಡ್ತೇನಿ."

ಗಿರಿಜಾ ಓಣಿಯ ಮನೆಮನೆಗೂ ಓಡಿದಳು. ಎಲ್ಲರ ಮನೆಯಲ್ಲೂ ಅಮಾವಾಸ್ಯೆಯೇ! ಅವಳ ಕಣ್ಣು ತುಂಬಿದ್ದು ನೋಡಿ ನಾನು ಎದ್ದು ನಿಂತೆ.

"ನಡಿ, ನಾ ಬರ್ತೇನಿ."

"ನೀವಾ?"

"ಯಾಕ, ನನಗೂ ಹುಬ್ಬು ಅದಾವಲ್ಲ."

ಆಗ ಇದ್ದವು. ಇದನ್ನು ದಾಖಲಿಸುವುದು ಅಗತ್ಯ.

ತರಬೇತಿ ಕೇಂದ್ರದಲ್ಲಿ ಉಳಿದವರು ತಂಗಿಯರನ್ನು, ನಾದಿನಿಯರನ್ನು ಹೇಗೋ ಒಪ್ಪಿಸಿ ತಂದಿದ್ದರು. ಮೀಸೆ ಇದ್ದವನು ನಾನೊಬ್ಬನೇ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು, ನನಗೂ ಹುರುಪೇರಿತು. ಗಿರಿಜಾ ಬಗ್ಗಿ ಹೇಳಿದಳು: "ಹುಬ್ಬಿನ ಮ್ಯಾಲ ಒಂದು ಕೈ, ಕೆಳಗ ಒಂದು ಕೈ ಇಟ್ಟು ಚರ್ಮ ಬಿಗಿ ಹಿಡೀರಿ. ಏನರ ಆಗ್ಲಿ, ಕೈ ಬಿಡಬ್ಯಾಡ್ರಿ."

ಇಷ್ಟೇ ನನ್ನ ಕೆಲಸ. ಹಿಡಿದುಕೊಂಡೆ. ಅವಳು ದಾರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಶುರು ಮಾಡಿದಳು. ಕಣ್ಣಲ್ಲಿ ನೀರು ಬಂತು, ಆದರೂ ಅಲುಗಾಡಲಿಲ್ಲ. ದಾರ ಸರಸರನೆ ಓಡುತ್ತಿತ್ತು. ನನ್ನ ಹೆಂಡತಿ ಪಾಸಾದಂತೆಯೇ ಎಂದುಕೊಂಡೆ.

ಅಷ್ಟರಲ್ಲಿ ಪರೀಕ್ಷೆ ಮಾಡುವ ಮೇಡಂ ಎದುರಿಗೆ ಬಂದು, "ನಮಸ್ಕಾರ್ರೀ" ಎಂದರು.

ದೊಡ್ಡವರು ತಾವಾಗಿ ನಮಸ್ಕಾರ ಎಂದಾಗ ನಮ್ಮ ಕಡೆಯವನು ಏನು ಮಾಡುತ್ತಾನೆ? ನಾನು ಎರಡೂ ಕೈ ಜೋಡಿಸಿ, "ಶರಣ್ರೀ ಮೇಡಮ್ಮಾರ" ಎಂದೆ.

ಚರ್ಮ ಸಡಿಲಾಯಿತು. ದಾರ ನಿಲ್ಲಲಿಲ್ಲ. ಎಡಹುಬ್ಬಿನ ಅರ್ಧ ಭಾಗ ದಾರದ ಜೊತೆ ಹೊರಟುಹೋಯಿತು.

ಬಾಯಲ್ಲಿ ದಾರವಿದ್ದುದರಿಂದ ಗಿರಿಜಾ ಏನೂ ಅನ್ನಲಿಲ್ಲ. ಕಣ್ಣಿನಲ್ಲೇ ಎಲ್ಲವನ್ನೂ ಅಂದಳು.

ಬಲಹುಬ್ಬನ್ನು ಪ್ರಾಣ ಪಣಕ್ಕಿಟ್ಟು ಹಿಡಿದೆ. ಅದು ಬಹುತೇಕ ಮುಗಿಯುತ್ತ ಬಂದಿತ್ತು. ಮೇಡಂ ಮುಂದಿನ ಖುರ್ಚಿಗೆ ಹೊರಟವರು, ಪಾಪ, ಸೌಜನ್ಯದಿಂದ "ಬರ್ತೇನ್ರೀ" ಎಂದರು.

ನಾನು ಮತ್ತೆ ಕೈ ಮುಗಿದೆ!

ಕೋಣೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ನನಗೆ ಕಂಡದ್ದು ಮಾತ್ರ ಗೋವಿನಜೋಳದ ಚೀಲಗಳು, ಸಾಲಾಗಿ ಒಳಗೆ ಬರುತ್ತಿದ್ದವು. ಗಿರಿಜಾ ದಾರವನ್ನು ಬಿಸಾಡಿದಳು. "ಇನ್ನ ಆ ಭಗವಂತ ಎದುರಿಗೆ ಬಂದ್ರೂ ಕೈ ಎತ್ತಬ್ಯಾಡ್ರಿ" ಎಂದವಳೇ ಕಪ್ಪು ಪೆನ್ಸಿಲ್ ಹಿಡಿದು, ಒಂದೊಂದೇ ಕೂದಲು ಎಳೆದಂತೆ ಬರೆಯತೊಡಗಿದಳು. ಸುತ್ತ ಎಲ್ಲರೂ ಮುತ್ತಿದರು. ಮೇಡಂ ಕೂಡ ತಿರುಗಿ ಬಂದು ನಿಂತರು. ಕನ್ನಡಿ ಹಿಡಿದಾಗ ನನ್ನ ಮದುವೆಯ ದಿನಕ್ಕಿಂತ ಚೆನ್ನಾಗಿ ಕಂಡೆ.

ಮೇಡಂ ಬಗ್ಗಿ ನನ್ನ ಹುಬ್ಬುಗಳನ್ನು ಹತ್ತಿರದಿಂದ ನೋಡಿದರು. "ಇದ್ದ ಹುಬ್ಬು ತಿದ್ದೋರು ಭಾಳ ಮಂದಿ ಅದಾರ. ಇಂಥ ಗಿರಾಕಿ ಸಂಭಾಳಿಸಿದಾಕಿ ಎಲ್ಲಿ ಬೇಕಾದ್ರೂ ಅಂಗಡಿ ನಡಸ್ತಾಳ. ಪಾಸ್."

ಹಿಂದಿರುಗುವಾಗ ಬಸ್ಸಿನಲ್ಲಿ ಸೆಕೆಗೆ ಟವೆಲ್ಲಿನಿಂದ ಹಣೆ ಒರೆಸಿಕೊಂಡೆ. ಇದು ಆ ದಿನದ ಕೊನೆಯ ತಪ್ಪು.

ಈಗ ಪಾರ್ಲರ್ ಜೋರಾಗಿ ನಡೆದಿದೆ. ಶಾಂತಕ್ಕನೇ ಮೊದಲ ಗಿರಾಕಿ. ಹೊಸಬರು ಖುರ್ಚಿಯಲ್ಲಿ ಕುಳಿತು, "ಕೈ ಬಿಟ್ರ ಏನಾಕ್ಕೈತಿ?" ಎಂದು ಕೇಳಿದರೆ ಗಿರಿಜಾ ವಿವರಿಸಲು ಹೋಗುವುದಿಲ್ಲ.

"ಏನ್ರೀ, ಸ್ವಲ್ಪ ಹೊರಗ ಬರ್ರಿ" ಎನ್ನುತ್ತಾಳೆ.

ಇನ್ನೂ ಪೂರ್ತಿ ಬೆಳೆಯದ ಅರ್ಧ ಹುಬ್ಬುಗಳೊಂದಿಗೆ ನಾನು ಬಂದು ನಿಲ್ಲುತ್ತೇನೆ. ಮನೆಗೆ ಬಂದವರಲ್ಲವೇ, ಕೈ ಮುಗಿಯುತ್ತೇನೆ. ಅವರು ಮಾತ್ರ ತಿರುಗಿ ಕೈ ಮುಗಿಯುವುದಿಲ್ಲ. ಎರಡೂ ಕೈಯಿಂದ ಹುಬ್ಬು ಹಿಡಿದುಕೊಂಡಿರುತ್ತಾರೆ.