ಖಾದರ್ ಸಾಹೇಬರ ಟವೆಲ್ಲೂ ನನ್ನ ವೆಬ್‌ಸೈಟೂ

ಶಿಡ್ಲಘಟ್ಟಕ್ಕೆ ಇಂಟರ್‌ನೆಟ್ಟನ್ನು ಮೊಟ್ಟಮೊದಲು ತಂದವನು ನಾನೇ. ಇದನ್ನು ಯಾರೂ ಒಪ್ಪಿಲ್ಲ. ಹಾಗೆಂದು ಯಾರೂ ಅಲ್ಲಗಳೆದೂ ಇಲ್ಲ, ಏಕೆಂದರೆ ಆ ಕೀರ್ತಿಯನ್ನು ಹೊತ್ತುಕೊಳ್ಳಲು ಬೇರೆ ಯಾರೂ ಮುಂದೆ ಬಂದಿಲ್ಲ. ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ನಾನು ಖಾದರ್ ಸಾಹೇಬರ ರೇಷ್ಮೆ ನೂಲಿನ ಅಂಗಡಿಯಲ್ಲಿ ಗುಮಾಸ್ತನಾಗಿದ್ದೆ. ಅಂಗಡಿಗೆ ಕಂಪ್ಯೂಟರ್ ಬಂದ ದಿನವೇ ನನಗೆ ನಾನೇ 'ಕಂಪ್ಯೂಟರ್ ಇನ್‌ಚಾರ್ಜ್' ಎಂಬ ಹುದ್ದೆಯನ್ನು ದಯಪಾಲಿಸಿಕೊಂಡೆ. ಸಂಬಳ ಮಾತ್ರ ಗುಮಾಸ್ತನದ್ದೇ ಉಳಿಯಿತು.

ಆ ಕಂಪ್ಯೂಟರಿಗೆ ಕಪ್ಪು ಪರದೆ, ಹಸಿರು ಅಕ್ಷರ. ಗಿರಾಕಿಯ ಹೆಸರು ಒತ್ತಿದರೆ ಬಿಲ್ಲು ಬರುತ್ತಿತ್ತು. ಅದಕ್ಕಿಂತ ಹೆಚ್ಚು ಅದು ಏನೂ ಮಾಡುತ್ತಿರಲಿಲ್ಲ, ಕಡಿಮೆಯೂ ಮಾಡುತ್ತಿರಲಿಲ್ಲ.

ನಮ್ಮ ಅಂಗಡಿಯ ವ್ಯಾಪಾರದ ಪದ್ಧತಿಯನ್ನು ಇಲ್ಲೇ ಹೇಳಿಬಿಡಬೇಕು. ಗಿರಾಕಿ ಬಂದು ಗಾದಿಯ ಮೇಲೆ ಕೂರುತ್ತಾನೆ. ನೂಲನ್ನು ಹಿಡಿದು ನೋಡುತ್ತಾನೆ, ಟೀ ಕುಡಿಯುತ್ತಾನೆ. ಆಮೇಲೆ ಸಾಹೇಬರು ಹೆಗಲ ಮೇಲಿನ ಟವೆಲ್ಲನ್ನು ತೆಗೆದು ಇಬ್ಬರ ಕೈಗಳ ಮೇಲೆ ಹಾಸುತ್ತಾರೆ. ಬಾಯಲ್ಲಿ ಮಳೆ ಬೆಳೆ, ಮಕ್ಕಳ ಓದು. ಟವೆಲ್ಲಿನ ಕೆಳಗೆ ಬೆರಳು ಹಿಡಿದು, ಗೆಣ್ಣು ಒತ್ತಿ ರೇಟಿನ ಮಾತುಕತೆ. ಕುದುರಿದ ಮೇಲೆ ಸಾಹೇಬರು ಆ ರೇಟನ್ನು ನನ್ನ ಕಿವಿಯಲ್ಲಿ ಹೇಳುತ್ತಾರೆ, ನಾನು ಕಂಪ್ಯೂಟರಿಗೆ ಒತ್ತುತ್ತೇನೆ. ಒಬ್ಬರ ರೇಟು ಇನ್ನೊಬ್ಬರಿಗೆ ತಿಳಿಯುವುದಿಲ್ಲ. ಪ್ರತಿಯೊಬ್ಬ ಗಿರಾಕಿಯೂ ತನಗೇ ಎಲ್ಲರಿಗಿಂತ ಅಗ್ಗವಾಗಿ ಸಿಕ್ಕಿತೆಂದು ನಂಬಿ ನಗುನಗುತ್ತಾ ಬಸ್ಸು ಹತ್ತುತ್ತಾನೆ.

ಹೀಗೆ ನಂಬಿದವರಲ್ಲಿ ಇಬ್ಬರು ಮುಖ್ಯರು. ಧರ್ಮಾವರದ ಓಬುಳಯ್ಯನವರು ದೊಡ್ಡ ಸೀರೆ ವ್ಯಾಪಾರಿ. ಅವರದ್ದು ಎಲ್ಲರಿಗಿಂತ ಹೆಚ್ಚಿನ ರೇಟು. ಗೌರಿಬಿದನೂರಿನ ನರಸಪ್ಪನವರು ನೇಕಾರರು. ಹಿಂದೆ ಮನೆ ತುಂಬ ಮಗ್ಗಗಳಿದ್ದವಂತೆ, ಈಗ ಒಂದು ಉಳಿದಿತ್ತು. ಅವರದ್ದು ಎಲ್ಲರಿಗಿಂತ ಕಡಿಮೆ ರೇಟು, ಸಾಹೇಬರಿಗೆ ಏನೇನೂ ಗಿಟ್ಟದ ರೇಟು. ನರಸಪ್ಪನವರಿಗೆ ಮಾತ್ರ ತಾವು ಚೌಕಾಸಿಯಲ್ಲಿ ಹುಲಿ ಎಂಬ ಹೆಮ್ಮೆ. ಟವೆಲ್ಲಿನಿಂದ ಕೈ ಹೊರಗೆ ಬಂದ ಮೇಲೆ ಪ್ರತಿಸಲ ನನ್ನ ಹತ್ತಿರ ಬಂದು, "ಇವತ್ತೂ ನಿಮ್ ಸಾಹೇಬ್ರನ್ನ ಬಗ್ಗಿಸ್ದೆ ಕಣಪ್ಪ" ಎನ್ನುತ್ತಿದ್ದರು.

ಇವರ ಎದುರು ಯಾಕೆ ಸೋಲುತ್ತೀರೆಂದು ನಾನು ಒಮ್ಮೆ ಸಾಹೇಬರನ್ನು ಕೇಳಿಯೇಬಿಟ್ಟೆ. ಸಾಹೇಬರು ಟವೆಲ್ಲನ್ನು ಮಡಚಿ ಹೆಗಲಿಗೆ ಹಾಕಿಕೊಳ್ಳುತ್ತಾ ಹೇಳಿದರು. "ಅವ್ರು ಗೆಲ್ತಾ ಇಲ್ಲ ಮುನಿರಾಜು. ನಾನು ಸೋಲ್ತಾ ಇದೀನಿ. ಕೈ ಚಾಚೋ ಮನುಷ್ಯ ಅಲ್ಲ ಅವ್ರು. ಗೊತ್ತಾದ್ರೆ ಮತ್ತೆ ಈ ಮೆಟ್ಲು ಹತ್ತೋದಿಲ್ಲ. ಇದು ನಿಮ್ ಹೊಟ್ಟೇಲಿರ್ಲಿ."

ನನ್ನ ಹೊಟ್ಟೆಯಲ್ಲಿ ಇತ್ತು. ಕಂಪ್ಯೂಟರಿನ ಹೊಟ್ಟೆಯಲ್ಲೂ ಇತ್ತು. ನನ್ನ ಹೊಟ್ಟೆಯ ಬಗ್ಗೆ ಯಾರೂ ಆಕ್ಷೇಪಿಸುವಂತಿಲ್ಲ.

ಹೀಗಿರುವಾಗ ಯು.ಪಿ.ಎಸ್.ಗೆ ಹೊಸ ಬ್ಯಾಟರಿ ತರಲು ಬೆಂಗಳೂರಿಗೆ ಹೋದೆ. ಅಲ್ಲೊಂದು ಕಂಪ್ಯೂಟರ್ ಮೇಳ ನಡೆದಿತ್ತು. ಪುಕ್ಕಟೆ ಪ್ರವೇಶ ಎಂದು ಬರೆದಿತ್ತು, ಒಳಗೆ ಹೋದೆ. ಟೈ ಕಟ್ಟಿದ ಯುವಕನೊಬ್ಬ ನನ್ನನ್ನು ಕುರ್ಚಿಯ ಮೇಲೆ ಕೂರಿಸಿ, ನಮ್ಮ ಹಸಿರು ಅಕ್ಷರದ ಕಂಪ್ಯೂಟರಿನ ವಿಷಯವನ್ನೆಲ್ಲ ಕೇಳಿ, ಮನೆಯಲ್ಲಿ ಸಾವಾದವರನ್ನು ನೋಡುವ ಹಾಗೆ ನನ್ನನ್ನು ನೋಡಿದ. ಅಂಥ ಪ್ರೋಗ್ರಾಮಿನ ಕಾಲ ಮುಗಿಯಿತಂತೆ. ಇನ್ನು ಮೇಲೆ ವ್ಯಾಪಾರವೆಲ್ಲ ವೆಬ್ಬಿನಲ್ಲೇ ಅಂತೆ. ಎರಡು ಸಾವಿರನೇ ಇಸವಿ ಬಂದರೆ ನಮ್ಮ ಕಂಪ್ಯೂಟರ್ ಸಾವಿರದ ಒಂಬೈನೂರಕ್ಕೆ ಹಿಂತಿರುಗಿ ಹೋಗುತ್ತದಂತೆ. ಸಾಹೇಬರ ತಾತನ ಕಾಲಕ್ಕೆ ಬಿಲ್ಲು ಕಳಿಸುವುದು ನನ್ನಿಂದಾಗದ ಕೆಲಸ.

"ನಿಮ್ಮದು ಒಂದೇ ಅಂತಸ್ತಿನ ವ್ಯವಸ್ಥೆ ಸರ್," ಎಂದ. "ಈಗೆಲ್ಲ ಮೂರು ಅಂತಸ್ತು. ಮುಂದೆ ತೋರಿಸೋನು, ಹಿಂದೆ ನೆನಪಿಟ್ಕೊಳ್ಳೋನು. ಏನು ತೋರಿಸ್ಬೇಕು, ಏನು ತೋರಿಸ್ಬಾರ್ದು ಅಂತ ಯೋಚ್ನೆ ಮಾಡೋನು ಮಧ್ಯದಲ್ಲಿ. ಇದಕ್ಕೆ ಆರ್ಕಿಟೆಕ್ಚರ್ ಅಂತಾರೆ."

ಬ್ಯಾಟರಿ ಒಂದು ಕಂಕುಳಲ್ಲಿ, ಆರ್ಕಿಟೆಕ್ಚರ್ ಇನ್ನೊಂದು ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಬಂದೆ. ಹೆಂಡತಿ ಸರೋಜಳಿಗೆ ಇಡೀ ಯೋಜನೆಯನ್ನು ಸವಿಸ್ತಾರವಾಗಿ ವಿವರಿಸಿದೆ.

"ಈಗಿರೋ ಕಂಪ್ಯೂಟರ್ ಕೆಟ್ಟೋಯ್ತೇನ್ರೀ?" ಎಂದಳು.

"ಇಲ್ಲ."

"ಬಿಲ್ಲು ತಪ್ಪಾಗಿ ಬರ್ತಿದ್ಯಾ?"

"ಇಲ್ಲ."

"ಮತ್ಯಾಕ್ರೀ?"

ದೊಡ್ಡ ದೊಡ್ಡ ಕಂಪನಿಯವರು ದುಂಡು ಮೇಜಿನ ಸುತ್ತ ಕೂತು ಕೇಳಿಕೊಳ್ಳಬೇಕಾದ ಪ್ರಶ್ನೆಯನ್ನು ಅವಳು ಸೊಪ್ಪು ಬಿಡಿಸುತ್ತಾ ಕೇಳಿ ಮುಗಿಸಿಬಿಟ್ಟಳು. ಇವಳಿಗೆ ಆರ್ಕಿಟೆಕ್ಚರ್ ಅರ್ಥವಾಗುವುದಿಲ್ಲವೆಂದು ನಾನು ಕೈಕಾಲು ತೊಳೆಯಲು ಎದ್ದುಹೋದೆ.

ಸಾಹೇಬರನ್ನು ಒಪ್ಪಿಸುವುದು ಕಷ್ಟವಾಗಲಿಲ್ಲ. ಅದೇ ಅವರ ದೋಷ. ನಂಬಿದರೆ ಪೂರ್ತಿ ನಂಬುವ ಜನ. ಮೂರು ಅಂತಸ್ತಿನ ಕತೆಯನ್ನು ಗಮನವಿಟ್ಟು ಕೇಳಿ, ಮಧ್ಯದಲ್ಲಿರುವವನು ನಂಬಿಕಸ್ಥನೇ ಎಂದು ವಿಚಾರಿಸಿದರು. ಬಹಳ ನಂಬಿಕಸ್ಥ ಎಂದೆ. "ನೋಡಿ ಮಾಡಿ ಮುನಿರಾಜು. ಗಿರಾಕಿಗಳ ಮನಸ್ಸಿಗೆ ನೋವಾಗ್ಬಾರ್ದು, ಅಷ್ಟೇ" ಎಂದರು.

ಹೊಸ ಬಣ್ಣದ ಕಂಪ್ಯೂಟರ್ ಬಂತು. ಹಳೇ ಪ್ರೋಗ್ರಾಮನ್ನೂ ಸದ್ಯಕ್ಕಿರಲಿ ಎಂದು ಅದರಲ್ಲೇ ತುಂಬಿಸಿದೆ. ಟೆಲಿಫೋನಿಗೆ ಮೋಡೆಮ್ ಎಂಬ ಪೆಟ್ಟಿಗೆ ಅಂಟಿಕೊಂಡಿತು. ಟೈ ಯುವಕ ಫೋನ್ ಮಾಡಿ, ವೆಬ್‌ಸೈಟಿಗೆ ಹಾಕಲು ಸರಕಿನ ರೇಟ್ ಲಿಸ್ಟ್ ಕಳಿಸಿ ಎಂದ. ಇಲ್ಲಿ ಒಂದು ತೊಡಕು ಎದುರಾಯಿತು. ನಮ್ಮ ಪ್ರೋಗ್ರಾಮಿನಲ್ಲಿ ನೂಲಿಗೆ ರೇಟೇ ಇರಲಿಲ್ಲ. ನೂಲು ಒಂದೇ, ರೇಟು ಗಿರಾಕಿಗೊಂದು. ಆದ್ದರಿಂದ ಅದನ್ನು ಗಿರಾಕಿಯ ಹೆಸರಿನ ಮುಂದೆಯೇ ಬರೆಯುತ್ತಿದ್ದೆವು. ಸೀರೆ ಅಂಗಡಿಯವನೋ ಸಕ್ಕರೆ ಅಂಗಡಿಯವನೋ ಆಗಿದ್ದರೆ ಹೀಗೆ ಬರೆಯುತ್ತಿರಲಿಲ್ಲ. ಟವೆಲ್ಲಿನ ಕೆಳಗೆ ವ್ಯಾಪಾರ ಮಾಡುವವರು ಮಾತ್ರ ಬರೆಯುತ್ತಾರೆ.

ಇದನ್ನು ಯುವಕನಿಗೆ ಬಿಡಿಸಿ ಹೇಳಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಆದರೆ ಅವನ ಎಸ್.ಟಿ.ಡಿ. ಮೀಟರ್ ಓಡುತ್ತಿತ್ತು. ಇರುವುದನ್ನೆಲ್ಲ ಫ್ಲಾಪಿಯಲ್ಲಿ ಕಳಿಸಿ, ಮಿಕ್ಕಿದ್ದನ್ನು ನಾವು ನೋಡಿಕೊಳ್ಳುತ್ತೇವೆ ಎಂದ. ಇರುವುದನ್ನೆಲ್ಲ ಕಳಿಸಿದೆ. ಜೊತೆಗೆ ನನ್ನದೇ ಒಂದು ಸಲಹೆ ಸೇರಿಸಿದೆ: ನಮ್ಮ ಗಿರಾಕಿಗಳ ಹೆಸರನ್ನು ದೊಡ್ಡದಾಗಿ ಹಾಕಿ, ಸಂತೋಷಪಡುತ್ತಾರೆ. ಮಧ್ಯದ ಅಂತಸ್ತಿನವನು ಏನು ತೋರಿಸಬಾರದೆಂದು ಯೋಚಿಸಿಕೊಳ್ಳುತ್ತಾನೆ ಎಂದು ನಾನು ನಂಬಿದ್ದೆ. ಅದನ್ನು ಅವನಿಗೆ ಯಾರಾದರೂ ಹೇಳಬೇಕು ಎಂಬುದು ನನಗೆ ಹೊಳೆಯಲಿಲ್ಲ.

ಉದ್ಘಾಟನೆಗೆ ಮುಖ್ಯ ಗಿರಾಕಿಗಳನ್ನೆಲ್ಲ ಕರೆದೆವು. ಸಾಹೇಬರ ಮನೆಯಿಂದ ಜಾಮೂನು ಬಂತು. ನಾನು ಮೋಡೆಮ್ಮಿಗೆ ಅರಿಶಿನ ಕುಂಕುಮ ಇಟ್ಟೆ. ಫೋನು ಬೆಂಗಳೂರಿಗೆ ತಾಗಿದ್ದೇ ಮೋಡೆಮ್ ಕಿರುಚತೊಡಗಿತು. ನರಸಪ್ಪನವರು ಗಾಬರಿಯಾಗಿ, ಆ ಕಡೆ ಯಾರಿಗೋ ಏನೋ ಆಗಿದೆ, ವಿಚಾರಿಸಿ ಎಂದರು. ಅದು ಇಂಟರ್‌ನೆಟ್ಟು ಮಾತಾಡುವ ರೀತಿ ಎಂದು ಸಮಾಧಾನ ಹೇಳಿದೆ.

ವೆಬ್‌ಸೈಟು ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಇಳಿಯತೊಡಗಿತು. ಮೊದಲು ಅಂಗಡಿಯ ಹೆಸರು. ಆಮೇಲೆ ಸಾಹೇಬರ ಫೋಟೋ. ಟೋಪಿ ಬಂತು, ಹಣೆ ಬಂತು, ಕನ್ನಡಕ ಬಂತು. ಗಡ್ಡ ಬರುವಷ್ಟರಲ್ಲಿ ಒಂದು ಸುತ್ತು ಟೀ ಮುಗಿಯಿತು. ಅದರ ಕೆಳಗೆ ಗಿರಾಕಿಗಳ ಹೆಸರು ಒಂದೊಂದಾಗಿ ಮೂಡಿದವು. ಹೆಸರುಗಳ ಪಕ್ಕ ಏನಕ್ಕೋ ಜಾಗ ಖಾಲಿ ಇತ್ತು. ಎಲ್ಲರೂ ಗಾದಿ ಬಿಟ್ಟು ಎದ್ದು ಪರದೆಯ ಮುಂದೆ ನೆರೆದರು.

"ಬಾಗುಂದಿ ಮುನಿರಾಜು, ಬಾಗುಂದಿ," ಎಂದು ತೆಲುಗಿನಲ್ಲಿ ಮೆಚ್ಚಿಕೊಂಡರು ಓಬುಳಯ್ಯ. "ನನ್ನ ಹೆಸ್ರು ಅಮೆರಿಕಾದಲ್ಲೂ ಕಾಣ್ತದಾ?"

"ಪ್ರಪಂಚದಲ್ಲಿ ಎಲ್ಲಾ ಕಡೆ ಕಾಣುತ್ತೆ," ಎಂದೆ. ಅಷ್ಟು ಹೆಮ್ಮೆಯಿಂದ ನಾನು ಜೀವನದಲ್ಲಿ ಬೇರೆ ಯಾವ ವಾಕ್ಯವನ್ನೂ ಆಡಿಲ್ಲ.

ಆಗ ಖಾಲಿ ಜಾಗದ ನೆತ್ತಿಯ ಮೇಲೆ ಒಂದು ಪದ ಮೂಡಿತು. 'ರೇಟ್'.

ಮೊದಲ ಹೆಸರಿನ ಪಕ್ಕ ಮೊದಲ ಅಂಕಿ ಇಣುಕಿತು. ಮೇಲಿನ ಹೆಸರಿನವರ ರೇಟುಗಳಲ್ಲಿ ಅಂಥ ಅಂತರವೇನೂ ಇರಲಿಲ್ಲ. ನರಸಪ್ಪನವರ ಹೆಸರು ಕೆಳಗಿತ್ತು, ಅದರ ಬೆನ್ನಿಗೇ ಓಬುಳಯ್ಯನವರದ್ದು. ಒಬ್ಬರಿಗೆ ಎಲ್ಲರಿಗಿಂತ ಕಡಿಮೆ, ಇನ್ನೊಬ್ಬರಿಗೆ ಎಲ್ಲರಿಗಿಂತ ಹೆಚ್ಚು. ಮೌಸನ್ನು ಒತ್ತಿದೆ. ಪರದೆಯ ಮೇಲೆ ಮರಳು ಗಡಿಯಾರ ಬಂದು ನಿಂತಿತು, ನನ್ನ ಮಾತು ಕೇಳಲಿಲ್ಲ. ಪರದೆಗೆ ಅಡ್ಡ ನಿಂತು, "ಮಾನ್ಯ ಗ್ರಾಹಕ ಮಹಾಶಯರೇ" ಎಂದು ವಂದನಾರ್ಪಣೆ ಶುರುಮಾಡಿದೆ. ಪಕ್ಕಕ್ಕೆ ಸರಿ, ಕಾಣುವುದಿಲ್ಲ ಎಂದು ಓಬುಳಯ್ಯ ನನ್ನನ್ನು ಸರಿಸಿದರು. ನನ್ನ ದೇಹ ಒಂದು ಪರದೆಯನ್ನು ಮುಚ್ಚುವಷ್ಟೂ ಬೆಳೆದಿಲ್ಲ.

ಓಡಿಹೋಗಿ ಮೇನ್ ಸ್ವಿಚ್ ಆರಿಸಿದೆ. ಫ್ಯಾನು ನಿಂತಿತು. ದೀಪ ಹೋಯಿತು. ಗೋದಾಮಿನಂಥ ಅಂಗಡಿ ಕತ್ತಲಾಯಿತು. ಆ ಕತ್ತಲಲ್ಲಿ ಕಂಪ್ಯೂಟರ್ ಒಂದೇ ಮೊದಲಿಗಿಂತ ಪ್ರಕಾಶಮಾನವಾಗಿ ಬೆಳಗುತ್ತಿತ್ತು! ನಾನೇ ಬೆಂಗಳೂರಿನಿಂದ ಹೊತ್ತು ತಂದಿದ್ದ ಬ್ಯಾಟರಿ ತನ್ನ ಕರ್ತವ್ಯವನ್ನು ಚಾಚೂ ತಪ್ಪದೆ ನಿರ್ವಹಿಸುತ್ತಿತ್ತು. ಬೇರೇನೂ ಕಾಣದೆ ಎಲ್ಲರೂ ಅದನ್ನೇ ನೋಡತೊಡಗಿದರು. ಅಂಕಿಗಳು ಒಂದೊಂದೇ ಸಾಲು ಇಳಿದು ನರಸಪ್ಪನವರ ಹೆಸರನ್ನು ಮುಟ್ಟಿದವು. ನರಸಪ್ಪನವರು ಕನ್ನಡಕ ಹಾಕಿಕೊಂಡು ಮುಂದೆ ಬಗ್ಗಿದ್ದರು.

ಸಾಹೇಬರು ಎದ್ದರು. ಹೆಗಲ ಮೇಲಿನ ಟವೆಲ್ಲನ್ನು ತೆಗೆದು ಕಂಪ್ಯೂಟರಿನ ಮೇಲೆ ಹಾಸಿದರು.

"ಹೊಸದಲ್ವಾ, ಪಾಪ, ಬಿಸಿಯಾಗ್ಬಿಟ್ಟಿದೆ," ಎಂದರು. "ಸ್ವಲ್ಪ ಸುಧಾರಿಸ್ಕೊಳ್ಲಿ. ಬನ್ನಿ, ಜಾಮೂನು ತಿನ್ನಿ."

ಜಾಮೂನು ಚೆನ್ನಾಗಿತ್ತೆಂದು ಆಮೇಲೆ ಕೇಳಿದೆ. ಹೊರಡುವಾಗ ಓಬುಳಯ್ಯನವರು, ಬೆಂಗಳೂರಿನಲ್ಲಿ ತಮ್ಮ ಅಳಿಯನಿಗೆ ಇಂಟರ್‌ನೆಟ್ಟಿದೆಯೆಂದೂ, ಆ ಪುಟವನ್ನು ಕಾಗದದ ಮೇಲೆ ತೆಗೆಸಿ ಕಟ್ಟು ಹಾಕಿಸಿ ಧರ್ಮಾವರದ ಅಂಗಡಿಯಲ್ಲಿ ನೇತುಹಾಕುವುದಾಗಿಯೂ ಪ್ರಕಟಿಸಿದರು. ನರಸಪ್ಪನವರು ನನ್ನ ಹತ್ತಿರ ಬಾರದೆ ಚಪ್ಪಲಿ ಮೆಟ್ಟಿಕೊಂಡು ಹೋದರು. ಅವರು ನೋಡಿದರೋ ಇಲ್ಲವೋ ನನಗೆ ತಿಳಿಯಲಿಲ್ಲ. ಕೇಳುವಂತೆಯೂ ಇರಲಿಲ್ಲ.

ಸಾಹೇಬರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. "ಮಧ್ಯದ ಅಂತಸ್ತಿನೋನು ಇವತ್ತು ರಜಾ ಹಾಕಿದ್ನಾ ಮುನಿರಾಜು?" ಎಂದು ಮಾತ್ರ ಕೇಳಿದರು.

ಸಿಕ್ಕಿದ ಬಸ್ಸು ಹತ್ತಿದೆ. ಬೆಂಗಳೂರು ಮುಟ್ಟುವವರೆಗೂ ಅಮೆರಿಕ, ಜಪಾನು, ಧರ್ಮಾವರದ ಜನರೆಲ್ಲ ಸಾಲುಗಟ್ಟಿ ನಿಂತು ನರಸಪ್ಪನವರ ರೇಟು ಓದುತ್ತಿರುವುದು ಕಣ್ಣ ಮುಂದೆ ಬರುತ್ತಿತ್ತು. ಟೈ ಯುವಕ ನನ್ನ ಮಾತು ಕೇಳಿ ಅಚ್ಚರಿಪಟ್ಟ. ಮುಚ್ಚುಮರೆ ಇಲ್ಲದಿರುವುದೇ ವೆಬ್ಬಿನ ವಿಶೇಷ, ಮುಂದಿನ ಕಾಲವೇ ಅದು ಎಂದ. ಮುಂದಿನ ಕಾಲ ಮುಂದೆ ಬರಲಿ, ಈಗ ಅಳಿಸಪ್ಪ ಎಂದೆ. ಅವನು ಅಳಿಸಲು ಪುಟವನ್ನು ತೆರೆದ. ತೀರಾ ಕೆಳಗೆ, ನಾವು ಅಂಗಡಿಯಲ್ಲಿ ತಲುಪದೇ ಹೋಗಿದ್ದ ಜಾಗದಲ್ಲಿ, ಒಂದು ಸಾಲು ಮಿನುಗುತ್ತಿತ್ತು: 'ಸುಸ್ವಾಗತ, ನೀವು ನಮ್ಮ ಮೂರನೆಯ ಅತಿಥಿ.'

ಮೊದಲನೆಯವನು ಯಾರೆಂದು ಕೇಳಿದೆ. ಪರೀಕ್ಷೆ ಮಾಡಲು ತಾನೇ ತೆರೆದಿದ್ದೆ ಎಂದ. ಎರಡನೆಯವರು ನಾವು. ಮೂರನೆಯದು ಈಗ ಮತ್ತೆ ಅವನೇ. ಇಡೀ ಪ್ರಪಂಚದಲ್ಲಿ ಒಂದು ನರಪಿಳ್ಳೆಯೂ ನಮ್ಮ ಕಡೆ ತಿರುಗಿ ನೋಡಿರಲಿಲ್ಲ. ಹೋದ ಜೀವ ಬಂದಂತಾಯಿತು. ಮರುಗಳಿಗೆಯೇ ಅವಮಾನವೂ ಆಯಿತು, ಸುಳ್ಳು ಯಾಕೆ ಹೇಳಲಿ.

ಓಬುಳಯ್ಯನವರ ಅಳಿಯನಿಗೆ ಪುಟ ಸಿಗಲಿಲ್ಲ. ಕಂಪ್ಯೂಟರಿಗೆ ಇನ್ನೂ ಮೈ ಸರಿಯಿಲ್ಲ ಎಂದು ಸಾಹೇಬರು ಅವರನ್ನು ನಂಬಿಸಿದರು. ಆದರೆ ನರಸಪ್ಪನವರು ಎಂದಿನಂತೆ ಬರಬೇಕಾಗಿದ್ದ ವಾರ ಬರಲಿಲ್ಲ. ಸಾಹೇಬರು ಬಾಗಿಲ ಕಡೆ ನೋಡುತ್ತಿದ್ದರು, ನಾನು ಸಾಹೇಬರ ಕಡೆ ನೋಡದೆ ಬಿಲ್ಲು ಹಾಕುತ್ತಿದ್ದೆ. ಹಳೇ ಪ್ರೋಗ್ರಾಮಿನಲ್ಲೇ. ಅದು ಏನೂ ಆಗಿಲ್ಲವೆಂಬಂತೆ ಸರಿಯಾದ ಬಿಲ್ಲು ಕೊಡುತ್ತಿತ್ತು. ಸರೋಜ, "ಮತ್ಯಾಕ್ರೀ ಬೇಕಿತ್ತು" ಎಂದು ಕೇಳಲಿಲ್ಲ. ಊಟಕ್ಕೆ ಬಡಿಸುವಾಗ ನನ್ನ ಮುಖ ನೋಡಿದಳು, ಅಷ್ಟೇ. ಕೇಳಿದ್ದಕ್ಕಿಂತ ಹೆಚ್ಚಾಯಿತು.

ಅದರ ಮುಂದಿನ ವಾರ ನರಸಪ್ಪನವರು ಬಂದರು. ಮೊಮ್ಮಗಳಿಗೆ ಜ್ವರವಿತ್ತಂತೆ. ಟೀ ಕುಡಿದರು. ಟವೆಲ್ಲಿನ ಕೆಳಗೆ ಇಬ್ಬರ ಕೈಯೂ ಹೋಯಿತು. ಈ ಸಲ ಬೆರಳುಗಳು ಬಹಳ ಹೊತ್ತು ಗುದ್ದಾಡಿದವು. ಸಾಹೇಬರು ತಲೆ ಅಲ್ಲಾಡಿಸಿದರು, ನರಸಪ್ಪನವರೂ ಅಲ್ಲಾಡಿಸಿದರು. ಕೊನೆಗೆ ಸಾಹೇಬರು ನನ್ನ ಕಿವಿಯಲ್ಲಿ ಹೇಳಿದ ರೇಟು ಹಿಂದಿನದಕ್ಕಿಂತ ಸ್ವಲ್ಪ ಹೆಚ್ಚಿತ್ತು. ಆಶ್ಚರ್ಯದಿಂದ ಅವರ ಮುಖ ನೋಡಿದೆ. "ಅವ್ರೇ ಏರಿಸಿದ್ರು," ಎಂದರು ಮೆಲ್ಲಗೆ. "ನಾನು ಬೇಡ ಅಂದೆ, ಬೆರಳು ಬಿಡ್ಲಿಲ್ಲ. ಇವತ್ತು ನಿಜವಾಗ್ಲೂ ಅವ್ರೇ ಗೆದ್ರು ಮುನಿರಾಜು."

ನರಸಪ್ಪನವರು ನೂಲಿನ ಗಂಟನ್ನು ಹೆಗಲಿಗೇರಿಸಿ ನನ್ನ ಹತ್ತಿರ ಬಂದರು. ನಾನು ತಲೆ ಎತ್ತಲಿಲ್ಲ.

"ಇವತ್ತೂ ಬಗ್ಗಿಸ್ದೆ ಕಣಪ್ಪ ನಿಮ್ ಸಾಹೇಬ್ರನ್ನ," ಎಂದರು. ಆಮೇಲೆ ಕಂಪ್ಯೂಟರನ್ನು ಒಮ್ಮೆ ನೋಡಿ, "ಅದ್ರ ಮೇಲೂ ಒಂದು ಟವೆಲ್ ಹಾಕಿರಪ್ಪ. ಒಳ್ಳೇದು" ಎಂದು ಮೆಟ್ಟಿಲಿಳಿದರು.

ಅಂದಿನಿಂದ ನಮ್ಮ ಅಂಗಡಿಯ ಕಂಪ್ಯೂಟರಿಗೆ ಒಂದು ಸ್ವಂತ ಟವೆಲ್ಲಿದೆ. ಬಿಲ್ಲು ಹಾಕಬೇಕಾದಾಗಲೆಲ್ಲ ನಾನು ಹಳೇ ಕಾಲದ ಫೋಟೋಗ್ರಾಫರನ ಹಾಗೆ ಅದರೊಳಗೆ ತಲೆ ತೂರಿಸಿ, ರೇಟು ಒತ್ತಿ, ಬೆವರು ಒರೆಸಿಕೊಂಡು ಹೊರಗೆ ಬರುತ್ತೇನೆ. ಮಧ್ಯದ ಅಂತಸ್ತು ಯಾವುದೆಂದು ಯಾರಾದರೂ ಕೇಳಿದರೆ ಈಗ ತೋರಿಸಬಲ್ಲೆ. ಅಂಚಿನಲ್ಲಿ ಕೆಂಪು ಗೆರೆ ಇದೆ, ವಾರಕ್ಕೊಮ್ಮೆ ಒಗೆಯಬೇಕಾಗುತ್ತದೆ. ಒಗೆಸುವ ಜವಾಬ್ದಾರಿಯನ್ನು ಸಾಹೇಬರು ಕಂಪ್ಯೂಟರ್ ಇನ್‌ಚಾರ್ಜಿಗೆ ವಹಿಸಿದ್ದಾರೆ. ಮನೆಗೆ ಒಯ್ದು ಕೊಟ್ಟರೆ, ನಮ್ಮ ಆರ್ಕಿಟೆಕ್ಚರನ್ನು ಸರೋಜ ಬಟ್ಟೆ ಕಲ್ಲಿನ ಮೇಲೆ ಕುಕ್ಕಿ ಕುಕ್ಕಿ ಒಗೆದು ಹಿತ್ತಲಲ್ಲಿ ಒಣಗಿಹಾಕುತ್ತಾಳೆ.